ಹೇಳಿದ ಬಾಯಿಗೆ ಹೇಳಬಾರದ ಮಾತು

ಕೆಳಗಿನ ಮನೆಯಿಂದ ಸಾಂಬ್ರಾಣಿ ಹೊಗೆ ಮೆಟ್ಟಿಲು ಹತ್ತಿ ಬರುತ್ತಿದೆ. ಬರೀ ಸಾಂಬ್ರಾಣಿಯಾಗಿದ್ದರೆ ನಾನು ಪೆನ್ನು ಹಿಡಿಯುತ್ತಿರಲಿಲ್ಲ. ಅದರ ಜೊತೆಗೆ ಬೇವಿನ ಸೊಪ್ಪು, ಅರಿಶಿನ ಕಲಸಿದ ನೀರು, ಬಾಡಲು ಶುರುವಾದ ಮಲ್ಲಿಗೆ, ಇವೆಲ್ಲ ಸೇರಿದಾಗ ಏಳುವ ಒಂದು ವಾಸನೆಯಿದೆ. ಅದು ಮೂಗಿಗೆ ಬಿದ್ದರೆ ಇಷ್ಟು ವರ್ಷವಾದ ಮೇಲೂ ನನ್ನ ಕೈ ತಾನಾಗಿ ಕೊರಳಿಗೆ ಹೋಗುತ್ತದೆ. ಅಲ್ಲಿ ಈಗ ಏನೂ ಇಲ್ಲ, ಬರೀ ಸುಕ್ಕು.

ಬೆಳಿಗ್ಗೆ ಆ ಮನೆಯ ಸೊಸೆ, ಹೋದ ತಿಂಗಳು ಮದುವೆಯಾಗಿ ಬಂದ ಹುಡುಗಿ, ಮೇಲೆ ಬಂದು ಕರೆದು ಹೋದಳು. "ಇವತ್ತು ನಮ್ಮನೇಲಿ ಪೂವಾಡೆಕಾರಿ ಕರೀತಾರೆ ಅಜ್ಜಿ. ಕೊಡ ಎತ್ತೋದು ನಾನೇ. ನೀವು ಕಂಡಿಪ್ಪಾ, ತಪ್ಪದೆ ಬರ್ಬೇಕು" ಎಂದಳು. ಮಂಡಿನೋವು, ಇಳಿಯಲಾರೆ ಎಂದುಬಿಟ್ಟೆ. ಮಂಡಿನೋವು ಸುಳ್ಳಲ್ಲ. ಆದರೆ ಅದೇ ಮಂಡಿಯಲ್ಲಿ ನಿನ್ನೆ ಸಂಜೆ ತರಕಾರಿ ಗಾಡಿಯವನ ಹತ್ತಿರ ಇಳಿದು ಹೋಗಿ ಬದನೆಕಾಯಿಗೆ ಜಗಳವಾಡಿ ಬಂದವಳು ನಾನು.

ಪೂವಾಡೆಕಾರಿ ಎಂದರೇನು ಎಂದು ನೀವು ಕೇಳಬಹುದು. ಕೊಯಮತ್ತೂರಿನ ಸುತ್ತ ತಲೆತಲಾಂತರದಿಂದ ನೆಲೆನಿಂತ ನಮ್ಮಂಥ ಕನ್ನಡದ ಮನೆಗಳಲ್ಲಿ ಮುತ್ತೈದೆಯಾಗಿ ಸತ್ತವಳನ್ನು ಹೋದಳು ಎಂದು ಬಿಟ್ಟುಕೊಡುವುದಿಲ್ಲ. ಬಾವಿಯೋ ಹೊಳೆಯೋ, ಈಗ ಪೇಟೆಯಲ್ಲಾದರೆ ಮನೆಯಂಗಳದ ಬೋರ್‌ವೆಲ್ಲೋ, ನೀರಿರುವ ಕಡೆ ಹೋಗಿ, ಡೋಲು ಬಾರಿಸಿ ಕರೆದು, ಕೊಡದ ನೀರಿನಲ್ಲಿ ಕೂರಿಸಿಕೊಂಡು ಮನೆಗೆ ತರುತ್ತೇವೆ. ಆಮೇಲೆ ಅವಳು ದೇವರ ಮೂಲೆಯಲ್ಲಿರುತ್ತಾಳೆ. ಹೂವನ್ನೇ ಉಟ್ಟವಳು ಎಂಬ ಅರ್ಥದ ಈ ಹೆಸರು ತಮಿಳಿನದು; ನಮ್ಮ ಅರ್ಧ ಮಾತೇ ತಮಿಳಿನದು, ದೇವರ ಹೆಸರನ್ನು ಮಾತ್ರ ಯಾಕೆ ಬಿಡುವುದು. ಕರೆಯುವಾಗ ಅವಳು ಮನೆಯ ಯಾರಾದರೂ ಹೆಂಗಸಿನ ಮೈಮೇಲೆ ಬಂದು ನಾಲ್ಕು ಮಾತಾಡುವುದೂ ಉಂಟು. ಬದುಕಿದ್ದಾಗ ಬಾಯಿ ಬಿಡದವರು ಸತ್ತ ಮೇಲೆ ಬಹಳ ಮಾತಾಡುತ್ತಾರೆ ಎಂದು ನಮ್ಮಪ್ಪ ನಗುತ್ತಿದ್ದರು. ನಾನೂ ನಗುತ್ತಿದ್ದೆ, ಐವತ್ತರ ದಶಕದ ಆ ಬೇಸಿಗೆಯವರೆಗೆ.

ನಾನು ಎರಡನೇ ಹೆಂಡತಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಇಲ್ಲದಿದ್ದರೆ ಹಿಂದಿನಿಂದ ಬೇರೆಯವರು ಹೇಳುತ್ತಾರೆ. ಮಡತ್ತುಕುಳಂ ಹತ್ತಿರ, ಅಮರಾವತಿ ಹೊಳೆಯ ಕಾಲುವೆ ಪಕ್ಕ ನಮ್ಮ ಗದ್ದೆ. ಹತ್ತೊಂಬತ್ತು ತುಂಬುವವರೆಗೆ ನನ್ನ ಕಾಲು ಒಣಗಿದ್ದೇ ಅಪರೂಪ. ನಮ್ಮವರು ಕೊಯಮತ್ತೂರಿನಲ್ಲಿ ಕಾಲೇಜಿನ ಉಪಾಧ್ಯಾಯರು, ತರ್ಕಶಾಸ್ತ್ರ ಹೇಳುವವರು. ಮೈಸೂರಿನಲ್ಲಿ ಓದಿ ಬಂದಿದ್ದರು. ನಮ್ಮ ಬಳಗದಲ್ಲಿ ಕನ್ನಡ ಅಕ್ಷರ ಬರುತ್ತಿದ್ದದ್ದು ಅವರೊಬ್ಬರಿಗೇ. ನಾನು ಈಗ ಇದನ್ನು ಬರೆಯುತ್ತಿರುವುದೂ ಅವರು ಮಧ್ಯಾಹ್ನಗಳಲ್ಲಿ ಸ್ಲೇಟು ಹಿಡಿಸಿ ತಿದ್ದಿಸಿದ ಪುಣ್ಯದಿಂದ. ಅವರ ಮೊದಲ ಹೆಂಡತಿ ರುಕ್ಮಿಣಿ ಚೊಚ್ಚಲ ಹೆರಿಗೆಯಲ್ಲಿ ತೀರಿಕೊಂಡಿದ್ದಳು. ಮಗುವೂ ಉಳಿಯಲಿಲ್ಲ. ಬಾಣಂತಿ ಜ್ವರ ಎಂದಷ್ಟೇ ನಮಗೆ ಹೇಳಿದ್ದರು.

ಮದುವೆ ಕಾರಮಡೈ ರಂಗನಾಥನ ಸನ್ನಿಧಿಯಲ್ಲಿ ನಡೆಯಿತು. ಎರಡನೇ ಮದುವೆಗೆ ಎಷ್ಟು ಜನ ಬೇಕೋ ಅಷ್ಟೇ ಜನ. ತಾಳಿ ಕಟ್ಟಿದ ಮೇಲೆ ಅತ್ತೆ, ಅಂದರೆ ನಮ್ಮವರ ತಾಯಿ, ಒಂದು ಸಣ್ಣ ಚಿನ್ನದ ಬೊಟ್ಟನ್ನು ಅದೇ ದಾರಕ್ಕೆ ಸೇರಿಸಿ, "ಇದು ಅವಳದು. ತೆಗೀಬೇಡ" ಎಂದರು. ಎರಡನೆಯವಳಾಗಿ ಬಂದವಳು ಮೊದಲಿನವಳನ್ನು ಕೊರಳಲ್ಲಿ ಇಟ್ಟುಕೊಳ್ಳಬೇಕು. ಇಲ್ಲದಿದ್ದರೆ ಅವಳಿಗೆ ಮುನಿಸು. ಕೊಯಮತ್ತೂರಿನ ಏಪ್ರಿಲ್ ಬಿಸಿಲಲ್ಲಿ ನನ್ನ ಬಳೆ, ಓಲೆ, ತಾಳಿ ಎಲ್ಲ ಮೈಗೆ ಚುರುಕು ಮುಟ್ಟಿಸುತ್ತಿದ್ದವು. ಆ ಬೊಟ್ಟು ಮಾತ್ರ ಯಾವಾಗ ಮುಟ್ಟಿದರೂ ತಣ್ಣಗಿರುತ್ತಿತ್ತು. ಚಿನ್ನಕ್ಕೆ ಚಿನ್ನ, ಅದೊಂದಕ್ಕೆ ಮಾತ್ರ ಯಾಕೆ ಬೇರೆ ಸ್ವಭಾವ? ನನಗೆ ಹಾಗೆ ಅನಿಸುತ್ತಿತ್ತು ಎಂದು ಬೇಕಾದರೆ ಬರೆದುಕೊಳ್ಳಿ.

ಮದುವೆಗೆ ಮುಂಚೆಯೇ ರುಕ್ಮಿಣಿಯನ್ನು ಕರೆಯಬೇಕಿತ್ತು. ಮುಹೂರ್ತದ ಅವಸರದಲ್ಲಿ ಅದು ತಪ್ಪಿತ್ತು. ಅತ್ತೆಗೆ ಅದೇ ಕೊರಗು. ಹೆರಿಗೆಯಲ್ಲಿ ಹೋದವಳನ್ನು ಸರಿಯಾಗಿ ಕರೆದು ಕೂರಿಸದಿದ್ದರೆ ಹಿಂದೆ ಬಂದವಳನ್ನೂ ಹೆರಿಗೆಯಲ್ಲೇ ಜೊತೆಗೆ ಕರೆದೊಯ್ಯುತ್ತಾಳೆ ಎಂದು ಬಂದು ಹೋಗುವ ನೆಂಟರು ನನ್ನ ಎದುರಿಗೇ ಮಾತಾಡಿಕೊಳ್ಳುತ್ತಿದ್ದರು. ನಾನು ಕಾಫಿ ಲೋಟ ಹಿಡಿದು ನಿಂತಿರುತ್ತಿದ್ದೆ.

ಸೂಲೂರಿನ ಹತ್ತಿರ ಅತ್ತೆಯ ಮನೆಯವರ ತೋಟವಿತ್ತು. ಜೋಳ, ಹತ್ತಿ, ಮಧ್ಯದಲ್ಲಿ ಕಪಿಲೆ ಹೊಡೆಯುವ ದೊಡ್ಡ ಬಾವಿ. ತಮಿಳರ ಚೈತ್ರವಾದ ಚಿತ್ತಿರೆ ತಿಂಗಳ ಒಂದು ಶುಕ್ರವಾರ ಅಲ್ಲಿ ಕರೆಯುವುದೆಂದಾಯಿತು. ಕೊಡ ಎತ್ತುವವಳು ನಾನು. ಎತ್ತುವವಳು ಎದ್ದಾಗಿನಿಂದ ಬಾಯಿಗೆ ಏನೂ ಹಾಕಬಾರದು, ಎಂಜಲು ಸಹ ನುಂಗಬಾರದು ಎನ್ನುವಷ್ಟು ಕಟ್ಟುನಿಟ್ಟು. ಹೊತ್ತೇರುವ ಮುಂಚೆ ಮುಗಿಯುತ್ತದೆ ಎಂದಿದ್ದರು. ಆದರೆ ಡೋಲಿನವರು ಇನ್ನೊಂದು ಮನೆಯ ಸತ್ತವರನ್ನು ಕರೆದು ಮುಗಿಸಿ ಬರುವಷ್ಟರಲ್ಲಿ ಮಧ್ಯಾಹ್ನ ಇಳಿಯುತ್ತಿತ್ತು. ಅವರ ಮುಖಂಡ ಪಾಲ್ಘಾಟಿನ ಕಣಿವೆಯಿಂದ ಬೀಸುವ ಗಾಳಿಯಲ್ಲಿ ಮೀಸೆ ಒರೆಸಿಕೊಳ್ಳುತ್ತ, ಅಲ್ಲಿಯವಳು ಬರಲು ಬಹಳ ಸತಾಯಿಸಿದಳು ಎಂದು ಕ್ಷಮೆ ಕೇಳಿದ.

ಕೊಡಕ್ಕೆ ನೂಲು ಸುತ್ತಿ, ಅರಿಶಿನ ಬಳಿದು, ಬಾವಿಯ ನೀರು ತುಂಬಿ, ಬಾಯಿಗೆ ಬೇವು ಮಲ್ಲಿಗೆ ಇಟ್ಟು ನನ್ನ ಕಂಕುಳಿಗೆ ಕೊಟ್ಟರು. ಪಂಬೆ ಎನ್ನುವ ಜೋಡಿ ಡೋಲು ಶುರುವಾಯಿತು. ಮುಖಂಡ ನಮ್ಮ ಮನೆತನದ ಹೆಣ್ಣುಗಳ ಹೆಸರನ್ನೆಲ್ಲ ಹಿಂದಿನಿಂದ ಒಂದೊಂದಾಗಿ ಹಾಡಿಕೊಂಡು ಬಂದು, ಕೊನೆಗೆ ರುಕ್ಮಿಣಿಯ ಹೆಸರಿಗೆ ಬಂದು ನಿಂತ. ಅದನ್ನೇ ಮತ್ತೆ ಮತ್ತೆ ಕರೆದ. ಮೇಲೆ ವಿಮಾನವೊಂದು ಹಾರಿತು, ಆ ಸದ್ದು ಡೋಲಿನೊಳಗೆ ಸೇರಿತು. ಕೊಡದ ಬಾಯಲ್ಲಿ, ಎಲೆಗಳ ಸಂದಿನಲ್ಲಿ, ಒಂದು ಅಂಗೈಯಗಲ ನೀರು ಕಾಣುತ್ತಿತ್ತು. ಅದರಲ್ಲಿ ನನ್ನ ಹಣೆ ಕಾಣಬೇಕಾಗಿತ್ತು. ಹಣೆಯ ಕುಂಕುಮ ಕಂಡಿತು, ಅದು ನಾನಿಡುವುದಕ್ಕಿಂತ ದೊಡ್ಡದಾಗಿತ್ತು. ನನಗೆ ನೆನಪಿರುವುದು ಅಷ್ಟೇ.

ಕಣ್ಣು ಬಿಟ್ಟಾಗ ಬೇವಿನ ಮರದ ಕೆಳಗೆ ಹಗ್ಗದ ಮಂಚದ ಮೇಲಿದ್ದೆ. ಮುಖ, ಕುಪ್ಪಸ, ಸೆರಗು ಎಲ್ಲ ಒದ್ದೆ. ಅತ್ತೆ ಕಾಲ ಬುಡದಲ್ಲಿ ಕೂತಿದ್ದರು. ನಮ್ಮವರು ಬಾವಿಯ ಕಡೆ ಮುಖ ಮಾಡಿ ಬೆನ್ನು ತಿರುಗಿಸಿ ನಿಂತಿದ್ದರು. ಡೋಲಿನವರು ತಮ್ಮ ಸಾಮಾನು ಕಟ್ಟಿಕೊಳ್ಳುತ್ತಿದ್ದರು, ಯಾರೂ ಊಟಕ್ಕೆ ನಿಲ್ಲಲಿಲ್ಲ. ಏನಾಯಿತು, ನಾನೇನಾದರೂ ಅಂದೆನಾ ಎಂದು ಕೇಳಿದೆ. ಅತ್ತೆ ನನ್ನ ಮುಖ ನೋಡದೆ ಹೇಳಿದರು: "ಅವಳು ಬಂದಳು, ಹೇಳಿದಳು. ಹೇಳಿದ ಬಾಯಿಗೆ ಅದನ್ನ ತಿರುಗಿ ಹೇಳಬಾರದು. ಕೇಳಬೇಡ ಅಮ್ಮಿಣಿ."

ಅಮ್ಮಿಣಿ ಎನ್ನುವುದು ನಮ್ಮ ಕೊಂಗುನಾಡಿನಲ್ಲಿ ಹೆಣ್ಣುಮಕ್ಕಳನ್ನು ಮುದ್ದಿನಿಂದ ಕರೆಯುವ ಮಾತು. ಅತ್ತೆ ಅಲ್ಲಿಯವರೆಗೆ ನನ್ನನ್ನು ಹಾಗೆ ಕರೆದಿರಲಿಲ್ಲ. ಯಾರನ್ನು ಕರೆದರು ಎಂದು ನನಗೆ ಭಯವಾಯಿತು.

ಈಗ ನೀವೇ ಯೋಚಿಸಿ. ನನ್ನ ನಾಲಗೆ, ನನ್ನ ಗಂಟಲು, ಅದರಿಂದ ಹೊರಟ ಮಾತು ಸುತ್ತ ನಿಂತವರಿಗೆಲ್ಲ ಗೊತ್ತು, ನನಗೊಬ್ಬಳಿಗೆ ಗೊತ್ತಿಲ್ಲ. ನೆಂಟರು ಮನೆಗೆ ಬಂದರೆ ನನ್ನನ್ನು ಒಂದು ಥರ ನೋಡಿ ಮಾತು ನಿಲ್ಲಿಸುತ್ತಿದ್ದರು. ಒಳ್ಳೆಯ ಮಾತಾಗಿದ್ದರೆ ಮುಚ್ಚಿಡುವುದೇಕೆ? ಇವಳನ್ನೂ ಕರೆದುಕೊಂಡು ಹೋಗುತ್ತೇನೆ ಎಂದಿದ್ದಾಳೆ, ಅದನ್ನು ನನ್ನ ಬಾಯಲ್ಲೇ ಹೇಳಿಸಿದ್ದಾಳೆ ಎಂದು ತೀರ್ಮಾನಿಸಿಕೊಂಡೆ. ಬೇರೆ ಯಾವ ಮಾತೂ ಆ ಬಾಗಿದ ತಲೆಗಳಿಗೆ ಹೊಂದುತ್ತಿರಲಿಲ್ಲ.

ಆಮೇಲೆ ಲೋಟಗಳು ಶುರುವಾದವು. ಆ ಮನೆಯ ಕಿಟಕಿಗಳ ಮೇಲೆ, ಗೂಡುಗಳಲ್ಲಿ, ಬೀರುವಿನ ಪಕ್ಕ, ಊಂಜಲಿನ, ಅಂದರೆ ತೂಗುಮಣೆಯ ಕೆಳಗೆ, ಕೊನೆಗೆ ರುಕ್ಮಿಣಿಯ ಫೋಟೋದ ಮುಂದೆ, ಒಂದೊಂದು ಹಿತ್ತಾಳೆ ಲೋಟ, ಮೇಲೆ ಮುಚ್ಚಳ, ಒಳಗೆ ಬೆಟ್ಟದಿಂದ ನಲ್ಲಿಗೆ ಬರುವ ಸಿರುವಾಣಿ ನೀರು. ಕೊಯಮತ್ತೂರಿನವರಿಗೆ ಸಿರುವಾಣಿ ನೀರೆಂದರೆ ಹೆಮ್ಮೆ ಇರುವುದು ಸರಿಯೇ, ಅದಕ್ಕಾಗಿ ಮನೆ ತುಂಬ ಇಡುವುದಿಲ್ಲವಲ್ಲ. ಮಿಲ್ಲಿನ ಸಂಗು, ಅಂದರೆ ಸೈರನ್ನು, ಊದಿ ಬೀದಿಯಲ್ಲಿ ಸೈಕಲ್ಲುಗಳ ಗದ್ದಲ ಇಳಿದ ಮೇಲೆ, ಮಧ್ಯಾಹ್ನದ ನಿಶ್ಶಬ್ದದಲ್ಲಿ, ಅತ್ತೆ ಒಂದೊಂದೇ ಮುಚ್ಚಳ ಎತ್ತಿ ನೋಡುತ್ತಿದ್ದರು. ನೀರು ಕಡಿಮೆಯಾಗಿರುತ್ತಿತ್ತು. ಕೆಲವು ಲೋಟದಲ್ಲಿ ಒಂದು ಗುಟುಕಿನಷ್ಟು, ಕೆಲವು ಅರ್ಧ. ಅತ್ತೆ ತುಂಬಿಸಿ ಮತ್ತೆ ಮುಚ್ಚುತ್ತಿದ್ದರು. ಯಾರಿಗೆ ಎಂದು ನಾನು ಕೇಳಲಿಲ್ಲ. ಒಣ ಗಾಳಿಯ ಊರು, ಆರಿರಬಹುದು ಎಂದು ಹೇಳಿಕೊಂಡೆ. ಮುಚ್ಚಿದ ಲೋಟದಲ್ಲಿ ಆರುತ್ತದೆಯೇ ಎಂದು ನನ್ನ ಅಡಿಗೆಮನೆ ಬುದ್ಧಿ ಕೇಳಿತು, ಅದನ್ನು ಗದರಿಸಿ ಸುಮ್ಮನಿರಿಸಿದೆ.

ಮನೆಯಲ್ಲೇ ತರ್ಕಶಾಸ್ತ್ರದ ಪಂಡಿತರಿರುವಾಗ ಹೊರಗೇಕೆ ಹೋಗುವುದು? ಒಂದು ಮಧ್ಯಾಹ್ನ ಅಕ್ಷರ ತಿದ್ದಿಸುವಾಗ ನಮ್ಮವರನ್ನು ಕೇಳಿದೆ. ಅವರು ಕನ್ನಡಕ ತೆಗೆದು ಪಾಠದ ದನಿಯಲ್ಲಿ ಹೇಳಿದರು. ಮಬ್ಬಿನಲ್ಲಿ ಹಗ್ಗ ಹಾವಾಗಿ ಕಾಣುತ್ತದೆ, ಹಾವು ಎಲ್ಲಿಂದಲೂ ಬಂದಿಲ್ಲ, ಎಲ್ಲಿಗೂ ಹೋಗುವುದಿಲ್ಲ. ಆತ್ಮ ಹುಟ್ಟುವುದೂ ಇಲ್ಲ, ಸಾಯುವುದೂ ಇಲ್ಲ, ಅದನ್ನು ಡೋಲು ಬಾರಿಸಿ ಕರೆಯಲು ಬರುವುದಿಲ್ಲ. ಅದಕ್ಕೆ ಹಸಿವಿಲ್ಲ, ಬಾಯಾರಿಕೆ... ಅಲ್ಲಿಗೆ ಅವರ ಮಾತು ನಿಂತಿತು. ಬಳಪ ಕೈಯಲ್ಲೇ ಉಳಿಯಿತು. ಹಾಗಾದರೆ ಅಂದು ಮಾತಾಡಿದ್ದು ನನ್ನ ಮನಸ್ಸೇ ತಾನೆ, ನನ್ನ ಮನಸ್ಸು ಏನೆಂದಿತು ಎಂದು ನನಗೆ ಹೇಳುವುದರಲ್ಲಿ ತಪ್ಪೇನು ಎಂದು ಹಿಡಿದೆ. ನನ್ನ ತರ್ಕ ಸರಿಯಾಗಿಯೇ ಇತ್ತು ಎಂದು ಈಗಲೂ ವಾದಿಸುತ್ತೇನೆ. ಅವರು ಎದ್ದು ಜಗಲಿಗೆ ಹೋಗಿ ಪುಸ್ತಕ ತೆರೆದು ಕೂತರು. ಹಾಳೆ ಮಗುಚಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಹೇಗಿರುತ್ತದೆ ಎಂದು ಅಂದು ಕಂಡೆ, ಆದರೆ ಯಾವ ಕುಂಬಳಕಾಯಿ ಎಂದು ತಿಳಿಯಲಿಲ್ಲ.

ಎದುರು ಮನೆಗೆ ಆಗಷ್ಟೇ ಬಂದಿದ್ದವಳು ಫಿಲೋಮಿನಾ ಅಕ್ಕ, ಆಸ್ಪತ್ರೆಯ ನರ್ಸಮ್ಮ, ಕ್ಯಾಥೊಲಿಕ್ ಮತದವಳು. ಅವಳ ಪ್ರಕಾರ ಸತ್ತವರು ಕರ್ತನ ಕೈಯಲ್ಲಿ ನಿದ್ದೆ ಮಾಡುತ್ತಿರುತ್ತಾರೆ, ಅವನು ಕರೆದಾಗ ಏಳುತ್ತಾರೆ, ನಡುವೆ ಯಾರ ಮಾತಿಗೂ ಏಳುವುದಿಲ್ಲ. ಕೇಳಿ ಸಮಾಧಾನವಾಯಿತು. ಆದರೆ ಸತ್ತವರ ಹಬ್ಬದ ದಿನ ಅವಳ ಜೊತೆ ಸಮಾಧಿ ತೋಟಕ್ಕೆ ಹೋದೆ. ಸಾವಿರಾರು ಮೇಣದ ಬತ್ತಿ, ಹಗಲು ಬೆಳಕಿನಲ್ಲೇ ಉರಿಯುತ್ತಿದ್ದವು. ಫಿಲೋಮಿನಾ ಅಕ್ಕ ತಾಯಿಯ ಸಮಾಧಿಯ ಮೇಲೆ ಸೇವಂತಿಗೆ ಹಾಕಿ, ತಮ್ಮನ ಕೆಲಸದ ವಿಷಯ, ಬಾಡಿಗೆಯ ವಿಷಯ, ತನ್ನ ಕಾಲಿನ ಊತದ ವಿಷಯ ಎಲ್ಲ ಹೇಳಿದಳು. ನಡುವೆ ನಿಲ್ಲಿಸಿ, ಉತ್ತರ ಕೇಳಿ, ತಲೆಯಾಡಿಸಿದಳು. ನಿದ್ದೆ ಮಾಡುವವರು ಹೇಗೆ ಉತ್ತರ ಕೊಡುತ್ತಾರೆ ಎಂದೆ. "ಅಮ್ಮ ಅಲ್ವಾ ಕಣ್ಣು, ನಿದ್ದೇಲೂ ಹೂಂ ಅಂತಾಳೆ" ಎಂದಳು; ಕಣ್ಣು ಎಂದರೆ ಇಲ್ಲಿ ಚಿನ್ನಾ ಎಂದ ಹಾಗೆ. ಹಿಂದಿರುಗಿ ಬರುವಾಗ ನನ್ನ ಸಮಾಧಾನ ದಾರಿಯಲ್ಲೇ ಉಳಿಯಿತು.

ಗುರುವಾರ ಗುರುವಾರ ಸಾಂಬ್ರಾಣಿ ಬಾಯಿ ಬರುತ್ತಿದ್ದರು. ಬಾಯಿ ಎಂದರೆ ಇಲ್ಲಿ ಮುಸಲ್ಮಾನರನ್ನು ಗೌರವದಿಂದ ಕರೆಯುವ ರೀತಿ. ಮಸೀದಿ ಬೀದಿಯ ಮುದುಕರು, ಒಂದು ಕೈಯಲ್ಲಿ ಕೆಂಡದ ಬಟ್ಟಲು, ಇನ್ನೊಂದರಲ್ಲಿ ನವಿಲುಗರಿ. ಅಂಗಡಿಗೂ ಮನೆಗೂ ಹೊಗೆ ಹಾಕಿ, ಮಕ್ಕಳ ತಲೆಗೆ ಗರಿ ಮುಟ್ಟಿಸಿ ಹೋಗುತ್ತಿದ್ದರು. ಅವರು ನನ್ನ ಕಥೆ ಕೇಳಿ ಕೆಂಡ ಊದುವುದನ್ನು ಬಿಟ್ಟರು. ಸತ್ತವರಿಗೆ ಕಬರಿನಲ್ಲಿ ತಮ್ಮ ಲೆಕ್ಕ ಒಪ್ಪಿಸುವುದೇ ಸಾಕಷ್ಟಿರುತ್ತದೆ, ಅವರು ಸೂಲೂರಿಗೆ ಬರುವುದಿಲ್ಲ. ಹೊತ್ತು ನೆತ್ತಿಯಿಂದ ಇಳಿಯುವಾಗ ಬಾವಿಯ ಕಟ್ಟೆಯ ಮೇಲೆ ಬೇರೆಯವರು ಕೂತಿರುತ್ತಾರೆ, ಯಾರ ಹೆಸರು ಕೂಗಿದರೂ ನಾನೇ ಎನ್ನುವವರು. ಹಾಗೆಂದು ಹೇಳಿ ಕಪ್ಪು ದಾರಕ್ಕೆ ಊದಿ ಕೊಟ್ಟರು. ಅದಾದ ಮೇಲೆ, ತೀರಿಹೋದ ತಮ್ಮ ಬೀಬಿಯ ಹೆಸರಿನಲ್ಲಿ ದರ್ಗಾದ ಬಾಗಿಲಲ್ಲಿ ದಿನವೂ ಒಂದು ಮಡಕೆ ನೀರು ಇಡುವುದನ್ನು ಹೇಳಿದರು. ಹೋದವರ ಹೆಸರಲ್ಲಿ ಕೊಡುವುದಕ್ಕೆ ನೀರಿನಷ್ಟು ದೊಡ್ಡದು ಬೇರೊಂದಿಲ್ಲವಂತೆ. ನಾನು ಮನೆಯೊಳಗಿನ ಲೋಟಗಳ ಕಡೆ ತಿರುಗಿ ನೋಡಿದೆ. ರುಕ್ಮಿಣಿಯೋ, ಅವಳ ಹೆಸರು ಹೇಳಿಕೊಂಡು ಬಂದ ಇನ್ಯಾವುದೋ, ಒಟ್ಟಿನಲ್ಲಿ ಯಾರೋ ಇದ್ದಾರೆ ಎಂಬಲ್ಲಿಗೆ ನಾನು ಬಂದು ನಿಂತೆ.

ಆ ಹೊತ್ತಿಗೆ ನಾನು ಬಸುರಿ. ನನ್ನ ದಿಂಬಿನ ಕೆಳಗೆ ಸಾಂಬ್ರಾಣಿ ಬಾಯಿಯ ದಾರ, ಫಿಲೋಮಿನಾ ಅಕ್ಕ ಕೊಟ್ಟ ಮಾತೆಯ ಪದಕ, ಕಾರಮಡೈಯ ತುಳಸಿ, ತೌರಿನಿಂದ ತಂದ ಊರಮ್ಮನ ಬೂದಿ ಎಲ್ಲ ಒಟ್ಟಿಗೆ ಮಲಗುತ್ತಿದ್ದವು. ನಮ್ಮವರ ಹಗ್ಗ-ಹಾವನ್ನು ಮಾತ್ರ ಕೆಳಗಿಡಲು ಆಗುವುದಿಲ್ಲವಾದ್ದರಿಂದ ಮನಸ್ಸಿನಲ್ಲಿಟ್ಟುಕೊಂಡಿದ್ದೆ. ಯಾವ ದೇವರಿಗೂ ನಾನು ಬೇಸರ ಮಾಡಲಿಲ್ಲ. ಒಬ್ಬರು ಕೈಬಿಟ್ಟರೆ ಇನ್ನೊಬ್ಬರು ನೋಡಿಕೊಳ್ಳಲಿ ಎಂಬ ಲೆಕ್ಕ. ಮುಳುಗುವವಳಿಗೆ ಹುಲ್ಲುಕಡ್ಡಿ ಆಸರೆ ಎನ್ನುತ್ತಾರೆ, ನಾನು ಒಂದು ಕಂತೆಯನ್ನೇ ಕೂಡಿಹಾಕಿದ್ದೆ. ಒಂದೊಂದು ಸಲ ರುಕ್ಮಿಣಿಯ ಫೋಟೋದ ಮುಂದೆಯೇ ಕೂತು, ಅಕ್ಕಾ, ನಿನ್ನ ಮನೆಯಲ್ಲಿ ನಾನು ಏನನ್ನೂ ಕದ್ದಿಲ್ಲ, ಕೊಟ್ಟದ್ದನ್ನು ತೆಗೆದುಕೊಂಡೆ, ನನ್ನನ್ನು ಬಿಟ್ಟುಬಿಡು ಎನ್ನುತ್ತಿದ್ದೆ. ನಾನು ಮನಸ್ಸಿಟ್ಟು ಮಾಡಿದ ಪ್ರಾರ್ಥನೆ ಅದೊಂದೇ.

ಏಳನೇ ತಿಂಗಳಲ್ಲಿ ಒಂದು ಮಧ್ಯಾಹ್ನ ಊಂಜಲಿನ ಮೇಲೆ ಕೂತಿದ್ದೆ. ನಿದ್ದೆ ಬಂದಿರಲಿಲ್ಲ. ಊಂಜಲು ಸುಮ್ಮನೆ ನಿಂತಿತ್ತು, ಮನೆಯಲ್ಲಿ ಸದ್ದಿರಲಿಲ್ಲ. ನೋಡುತ್ತೇನೆ, ನನ್ನ ಕೈಯಲ್ಲಿ ಹಿತ್ತಾಳೆ ಲೋಟ. ಖಾಲಿ. ನನ್ನ ಗಲ್ಲ ಒದ್ದೆಯಾಗಿದೆ. ಎತ್ತಿದ್ದೂ ನೆನಪಿಲ್ಲ, ಕುಡಿದದ್ದೂ ನೆನಪಿಲ್ಲ. ಬಾಗಿಲಲ್ಲಿ ಅತ್ತೆ ನಿಂತಿದ್ದರು. ಅವರ ಮುಖದಲ್ಲಿ ನಾನು ನಿರೀಕ್ಷಿಸಿದ ಗಾಬರಿ ಇರಲಿಲ್ಲ; ಹಸಿದ ಮಗು ಉಂಡಿತು ಎಂಬಂಥ ನೆಮ್ಮದಿ ಇತ್ತು. ಸದ್ದಿಲ್ಲದೆ ಬಂದು, ಲೋಟ ತೆಗೆದುಕೊಂಡು, ತುಂಬಿಸಿ ಇಟ್ಟು ಹೋದರು. ಆ ನೆಮ್ಮದಿಗೆ ನಾನು ಹೆದರಿದಷ್ಟು ಯಾವುದಕ್ಕೂ ಹೆದರಿಲ್ಲ.

ಚೊಚ್ಚಲಿಗೆ ತೌರಿಗೆ ಹೋಗಬೇಕು. ಅಪ್ಪ ಗಾಡಿ ಕಟ್ಟಿಕೊಂಡು ಬಂದರು. ಅತ್ತೆ ಕಳಿಸಲಿಲ್ಲ. ನೆಂಟರೆಲ್ಲ ಬುದ್ಧಿ ಹೇಳಿದರೂ ಕಳಿಸಲಿಲ್ಲ. ಇಲ್ಲೇ ಆಗಬೇಕು, ನನ್ನ ಕಣ್ಣೆದುರಿಗೇ ಆಗಬೇಕು ಎಂದು ಪಟ್ಟು ಹಿಡಿದರು. ಅಪ್ಪ ಕಣ್ಣು ತುಂಬಿಕೊಂಡು ಹಿಂದಿರುಗಿದರು. ನಾನು ಕಿಟಕಿಯಲ್ಲಿ ನಿಂತು, ಇನ್ನು ಮುಗಿಯಿತು ಎಂದುಕೊಂಡೆ.

ಒಂದು ಬೆಳಿಗ್ಗೆ ಫಿಲೋಮಿನಾ ಅಕ್ಕನನ್ನು ಕರೆದರು. ರುಕ್ಮಿಣಿ ಮಲಗಿದ್ದ ಕೋಣೆಯೇ, ಬೇರೆ ಕೋಣೆ ಇರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಹೆಣ್ಣು ಮಗು ಹುಟ್ಟಿ, ಚೆನ್ನಾಗಿ ಅತ್ತಿತು. ಫಿಲೋಮಿನಾ ಅಕ್ಕ ಕೈ ತೊಳೆದು ಆಸ್ಪತ್ರೆಯ ಕೆಲಸಕ್ಕೆ ಓಡಿದಳು. ಅವಳು ಹೋದ ಮೇಲೆ ನನಗೆ ಮೈ ಕಾಯತೊಡಗಿತು. ಬಾಯಿ ಒಣಗಿ ನಾಲಗೆ ಅಂಗುಳಕ್ಕೆ ಅಂಟಿತು. ಆದರೆ ಹಸಿ ಬಾಣಂತಿಗೆ ನೀರು ಕೊಡುವುದಿಲ್ಲ. ಇದು ಅತ್ತೆಯ ಮನೆಯ ಕಟ್ಟಳೆಯಷ್ಟೇ ಅಲ್ಲ, ನನ್ನ ತೌರಿನದೂ ಹೌದು, ಬೀದಿಯದೂ ಹೌದು. ನೀರು ಕುಡಿದರೆ ಜನ್ನಿ ಬಂದು ಸಾಯುತ್ತಾರೆ ಎಂದು ನಂಬಿಕೆ. ಸುಟ್ಟ ಬೆಳ್ಳುಳ್ಳಿ, ಖಾರದ ಉಂಡೆ, ಎಲೆ ಅಡಿಕೆ, ಇಷ್ಟೇ. ನನ್ನ ಅಮ್ಮನೂ ನಮ್ಮನ್ನು ಹೆತ್ತು ಹಾಗೇ ಒಣಗಿದವಳು. ಅದಕ್ಕೇ ನಾನು ಕೇಳಲಿಲ್ಲ. ಸೆರಗಿನ ತುದಿ ಕಚ್ಚಿಕೊಂಡು ಗೋಡೆಯ ಕಡೆ ತಿರುಗಿದೆ.

ಸ್ವಲ್ಪ ಹೊತ್ತಿಗೆ ಅತ್ತೆಯ ದನಿ ಕೇಳಿತು, ಎಲ್ಲರನ್ನೂ ಹೊರಗೆ ಹೋಗಲು ಹೇಳುತ್ತಿದ್ದರು. ಮಗುವನ್ನು ಹೆರಿಗೆಗೆಂದು ಬಂದಿದ್ದ ನಾದಿನಿಯ ಕೈಗೆ ಕೊಟ್ಟರು. ಬಾಗಿಲು ಹಾಕಿಕೊಂಡು ಅಗುಳಿ ಇಟ್ಟ ಸದ್ದಾಯಿತು. ಈ ಕೋಣೆ, ಈ ಮಂಚ, ಜ್ವರ, ಮುಚ್ಚಿದ ಬಾಗಿಲು. ಸೂಲೂರಿನ ಬಾವಿಯಲ್ಲಿ ನನ್ನ ಬಾಯಿ ಹೇಳಿದ್ದು ಇದನ್ನೇ, ಈಗ ನಡೆಯುತ್ತಿದೆ ಎಂದು ನನಗೆ ಸಂದೇಹವೇ ಉಳಿಯಲಿಲ್ಲ. ಕಣ್ಣು ಮುಚ್ಚಿದೆ. ನನ್ನ ಕತ್ತಿನ ಕೆಳಗೆ ಒಂದು ಕೈ ಬಂದು ತಲೆ ಎತ್ತಿತು. ತುಟಿಗೆ ತಣ್ಣನೆಯ ಹಿತ್ತಾಳೆ ಚೊಂಬು ತಾಗಿತು.

"ಕುಡಿ ಅಮ್ಮಿಣಿ. ಅವತ್ತು ನೀನು ಅಷ್ಟು ಕೇಳಿದೆ, ನಾನು ಕೊಡ್ಲಿಲ್ಲ. ಕೊಟ್ರೆ ಸತ್ತೋಗ್ತೀಯ ಅಂತ ಕೊಡ್ಲಿಲ್ಲ. ಬಾವಿ ಹತ್ರ ಬಂದೂ ಅದನ್ನೇ ಕೇಳಿದೆ. ಒಂದು ಬಾಯಿ ನೀರು ಕೊಡಿ ಅತ್ತೆ ಅಂತ, ಅದೇ ದನೀಲಿ. ಕುಡಿ. ಯಾರು ಏನಂದ್ರೂ ನಾನು ಕೊಡ್ತೀನಿ."

ಅತ್ತೆ ನನ್ನನ್ನು ನೋಡುತ್ತ ರುಕ್ಮಿಣಿಯ ಹತ್ತಿರ ಮಾತಾಡುತ್ತಿದ್ದರು. ಅವರ ಅವಸರಕ್ಕೆ ನೀರು ನನ್ನ ಕೊರಳಿಗೆ, ಕುಪ್ಪಸಕ್ಕೆ ಚೆಲ್ಲುತ್ತಿತ್ತು.

ಒಂದು ಬಾಯಿ ನೀರು ಕೊಡಿ ಅತ್ತೆ. ಇಷ್ಟೇ. ಇದಕ್ಕಾಗಿ ನಾನು ಇಷ್ಟು ತಿಂಗಳು ಸತ್ತಿದ್ದೆ. ನನಗೆ ಆ ಶುಕ್ರವಾರ ನೆನಪಾಯಿತು. ಎದ್ದಾಗಿನಿಂದ ಒಂದು ಹನಿ ಇಲ್ಲದೆ, ಬಿಸಿಲಲ್ಲಿ, ತುಂಬಿದ ಕೊಡ ಕಂಕುಳಲ್ಲಿಟ್ಟುಕೊಂಡು ನಿಂತಿದ್ದ ಹುಡುಗಿಗೆ ಬಾಯಾರಿತ್ತು. ಅವಳಿಗೂ ಅವರು ಅತ್ತೆಯೇ. ಅವಳು ಬೇರೆ ಏನು ಕೇಳುತ್ತಿದ್ದಳು? ಹಾಗೆಂದು ಅತ್ತೆಗೆ ಹೇಳಲು 'ಅತ್ತೆ' ಎಂದು ಬಾಯಿ ತೆರೆದೆ. ಆದರೆ ಆ ದನಿಯನ್ನು ಅವರು ಕೇಳಿದ್ದರು, ನಾನು ಕೇಳಿರಲಿಲ್ಲ. ಅದು ನನ್ನದೇ ಎಂದು ಯಾವ ಧೈರ್ಯದಲ್ಲಿ ಹೇಳಲಿ? ತೆರೆದ ಬಾಯಿಗೆ ಅವರು ನೀರು ಹಾಕಿದರು. ನಾನು ಕುಡಿದೆ. ಚೊಂಬು ಮುಗಿಯುವವರೆಗೆ ಕುಡಿದು, ಇನ್ನೂ ಕೊಡಿ ಎಂದೆ, ಅವರು ಅಳುತ್ತ ಇನ್ನೊಂದು ತಂದರು. ಇಬ್ಬರ ಪಾಲಿನದನ್ನೂ ಕುಡಿದಿದ್ದೇನೆ ಎಂದು ನನಗೆ ಈಗಲೂ ಅನಿಸುತ್ತದೆ. ಜನ್ನಿಯೂ ಬರಲಿಲ್ಲ, ಯಾರೂ ಕರೆದೊಯ್ಯಲೂ ಇಲ್ಲ.

ಮನೆ ತುಂಬ ಲೋಟ ಇಟ್ಟದ್ದೇಕೆ ಎಂದು ಆಮೇಲೆ ಕೇಳಿದ್ದಕ್ಕೆ, ಅವಳು ಯಾವಾಗ ಕೇಳುತ್ತಾಳೋ, ಯಾರ ಬಾಯಲ್ಲಿ ಕೇಳುತ್ತಾಳೋ, ಕೇಳಿದ ಕೂಡಲೇ ಕೈಗೆ ಸಿಗಬೇಕಲ್ಲ ಎಂದರು. ಅವುಗಳಲ್ಲಿ ನೀರು ಹೇಗೆ ಕಡಿಮೆಯಾಗುತ್ತಿತ್ತು ಎಂಬುದು ಮಾತ್ರ ನನಗೆ ಇಂದಿಗೂ ತಿಳಿಯದು. ಎಲ್ಲವನ್ನೂ ನಾನೇ ಮರೆತು ಕುಡಿದೆನೆಂದರೆ ನನ್ನ ಹೊಟ್ಟೆ ಒಪ್ಪುವುದಿಲ್ಲ. ಇನ್ನು ನಮ್ಮವರು. ರುಕ್ಮಿಣಿ ಕೂಗಿ ಕೂಗಿ ಕೇಳುವಾಗ ಜಗಲಿಯಲ್ಲಿ ಪುಸ್ತಕ ಹಿಡಿದು ಕೂತಿದ್ದವರು ಅವರು. ತಾಯಿಯ ಮಾತಿಗೆ ಎದುರಾಡಲಾರದೆ ಕೂತಿದ್ದರು. ಅದು ತಿಳಿದ ದಿನ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಅವರನ್ನು ಕ್ಷಮಿಸಿದೆನೋ ಇಲ್ಲವೋ ನನಗೇ ಸರಿಯಾಗಿ ಗೊತ್ತಿಲ್ಲ; ಅವರು ಹೋಗುವವರೆಗೂ ಹೊತ್ತು ಹೊತ್ತಿಗೆ ಕಾಫಿ ಕೊಟ್ಟೆ.

ದೇವರ ವಿಷಯದಲ್ಲಿ ನಾನು ಎಲ್ಲಿಗೆ ಬಂದೆ ಎಂದು ನೀವು ಕೇಳಿದರೆ, ಎಲ್ಲಿಗೂ ಬರಲಿಲ್ಲ. ಹಗ್ಗವೋ ಹಾವೋ, ನಿದ್ದೆಯೋ ಎಚ್ಚರವೋ, ಬಾವಿಕಟ್ಟೆಯಲ್ಲಿ ಕೂತದ್ದು ಯಾರೋ, ನನಗೆ ಇತ್ಯರ್ಥವಾಗಿಲ್ಲ. ಮಾತಾಡಿದ್ದು ಯಾರು ಎಂದು ಇಷ್ಟು ಜನರನ್ನು ಕೇಳಿದೆ, ಎಲ್ಲರೂ ಉತ್ತರ ಕೊಟ್ಟರು. ಏನೆಂದರು ಎಂದು ಕೇಳಿದಾಗ ಮಾತ್ರ ಬಲ್ಲವರು ಬಾಯಿ ಮುಚ್ಚಿಕೊಂಡರು. ಒಂಬತ್ತು ತಿಂಗಳ ಹೆದರಿಕೆಯನ್ನು ಆ ಒಂದು ಸಾಲು ಅಂದೇ ತೆಗೆದುಹಾಕುತ್ತಿತ್ತು. ಅದನ್ನು ನನಗೆ ಹೇಳಬಾರದೆಂದು ಕಟ್ಟಳೆ ಮಾಡಿದವರು ಯಾರೋ, ಅವರು ಎಂದೂ ಕೊಡ ಎತ್ತಿದವರಲ್ಲ.

ಇಷ್ಟು ಬರೆಯುವಷ್ಟರಲ್ಲಿ ಕೆಳಗೆ ಡೋಲು ಏರಿ ಏರಿ ಒಮ್ಮೆಗೇ ನಿಂತಿದೆ. ಒಂದು ಹೆಣ್ಣು ದನಿ ಏನೋ ಹೇಳುತ್ತಿದೆ. ಅದು ಬೆಳಿಗ್ಗೆ ನನ್ನನ್ನು ಕರೆಯಲು ಬಂದಿದ್ದ ಹುಡುಗಿಯ ದನಿಯ ಹಾಗಿಲ್ಲ. ಮಾತು ಇಲ್ಲಿಗೆ ಸರಿಯಾಗಿ ಕೇಳುತ್ತಿಲ್ಲ. ಮೆಟ್ಟಿಲು ಇಳಿದು ಬಾಗಿಲ ಹತ್ತಿರ ನಿಂತರೆ ಕೇಳುತ್ತದೆ. ಹೋಗುತ್ತಿದ್ದೇನೆ. ಅವಳು ಕಣ್ಣು ಬಿಟ್ಟ ಮೇಲೆ ಸುತ್ತಲಿನವರೆಲ್ಲ ಬೇರೆ ಕಡೆ ನೋಡುತ್ತಾರೆ. ಆಗ ಅವಳ ಪಕ್ಕದಲ್ಲಿ ಕೂತು, ಅವಳು ಅಂದದ್ದನ್ನು ಒಂದಕ್ಷರ ಬಿಡದೆ ಅವಳಿಗೆ ಹೇಳುತ್ತೇನೆ.